ಡಿಂಪ್ನಾ ಚಿಕ್ಕಮ್ಮನ ಬೈಗುಳ ಊರ ಹಾಡಾದದ್ದು

ನಮ್ಮ ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿ ಹಿಮ ಬಿದ್ದ ಮೇಲೆ ಬೀದಿಬದಿ ಯಾರು ಸಲಿಕೆ ಹಿಡಿದು ಜಾಗ ತೋಡುತ್ತಾರೋ ಆ ಜಾಗ ಅವರದ್ದು. ಕಾರು ತೆಗೆದು ಕೆಲಸಕ್ಕೆ ಹೋಗುವಾಗ ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋಗುವುದು ರೂಢಿ. ಕುರ್ಚಿ ಇದ್ದ ಕಡೆ ಬೇರೆಯವರು ಗಾಡಿ ನಿಲ್ಲಿಸುವುದಿಲ್ಲ. ನಿಲ್ಲಿಸಿದವನ ಗತಿ ದೇವರಿಗೇ ಪ್ರೀತಿ.

ಒಂದು ವರ್ಷ ದೊಡ್ಡ ಹಿಮಬಿರುಗಾಳಿ ಕಳೆದ ಮೇಲೆ ಡಿಂಪ್ನಾ ಚಿಕ್ಕಮ್ಮ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದರೆ, ಅವಳ ಕುರ್ಚಿ ಹಿಮದ ಗುಡ್ಡೆಗೆ ಒರಗಿ ಬಿದ್ದಿತ್ತು. ಜಾಗದಲ್ಲಿ ಎದುರುಮನೆಯ ಔಗುಸ್ತೋನ ಹಸಿರು ವ್ಯಾನು ನಿಂತಿತ್ತು. ಅವನು ಆಫ್ರಿಕಾ ಬಳಿಯ ಕೇಪ್ ವರ್ಡಿ ದ್ವೀಪದವನು, ಹಿಮ ತಳ್ಳುವ ಲಾರಿಯ ಚಾಲಕ. ಚಿಕ್ಕಮ್ಮ ನಡುಬೀದಿಯಲ್ಲಿ ನಿಂತು ಅವನ ಕಿಟಕಿಗೆ ಕೇಳುವಂತೆ ಶುರುಮಾಡಿದಳು. ಐರ್ಲೆಂಡಿನ ಗಾಲ್ವೇಯಲ್ಲಿ ಹುಟ್ಟಿದ ಬಾಯಿ, ಡಾರ್ಚೆಸ್ಟರ್‌ನಲ್ಲಿ ಸಾಣೆ ಹಿಡಿದದ್ದು. ನಾನೂ ನನ್ನ ಅಣ್ಣ ಫರ್ಗಲನೂ ಮೆಟ್ಟಿಲ ಮೇಲೆ ನಿಂತು ಕೇಳಿದೆವು. ನಗು ತಡೆಯಲು ನಾನು ಕೈಗವಸು ಕಚ್ಚಿಕೊಂಡಿದ್ದೆ. ಫರ್ಗಲ್ ಮಾತ್ರ ಕಾಲಲ್ಲಿ ತಾಳ ಹಾಕುತ್ತಿದ್ದ.

"ರೋಶೀನ್, ಕೇಳಿದ್ಯಾ? ಇದು ಬೈಗುಳ ಅಲ್ಲ ಕಣೇ, ಪಲ್ಲವಿ!" ಅಂದ.

ನಮ್ಮದೊಂದು ವಾದ್ಯತಂಡವಿತ್ತು. ಫರ್ಗಲ್ ಗಿಟಾರ್ ಹಿಡಿದು ಹಾಡುತ್ತಿದ್ದ, ನಾನು ಡ್ರಮ್ ಬಾರಿಸುತ್ತಿದ್ದೆ, ಗೆಳೆಯನೊಬ್ಬ ಅಕಾರ್ಡಿಯನ್ ಎಂಬ ತಿದಿವಾದ್ಯ ನುಡಿಸುತ್ತಿದ್ದ. ಅಜ್ಜಂದಿರ ಕಾಲದ ಐರಿಶ್ ಮಟ್ಟುಗಳನ್ನು ಕರೆಂಟು ಗಿಟಾರಿಗೆ ಕಟ್ಟಿ, ಗಂಟಲು ಹರಿಯುವಂತೆ ಕಿರುಚುವುದು ನಮ್ಮ ಕಸುಬು. ವಾರ ಕಳೆಯುವುದರೊಳಗೆ ಹಾಡು ಸಿದ್ಧವಾಯಿತು:

ಬೆವರು ನಂದು, ಸಲಿಕೆ ನಂದು, ನಡು ಮುರಿದದ್ದು ನಂದು,
ಎಲ್ಲಿಂದ ಬಂತೋ ಹಸಿರು ವ್ಯಾನು, ನಿನ್ನಜ್ಜಿ ಆಸ್ತಿಯೇನು?
ಇಡು ಕುರ್ಚಿ! ಇಡು ಕುರ್ಚಿ! ಎಲ್ಲಿತ್ತೋ ಅಲ್ಲೇ ಇಡು ಕುರ್ಚಿ!

ಪಬ್ಬಿನಲ್ಲಿ ಮೊದಲ ಸಲ ಹಾಡಿದಾಗಲೇ ಜನ ಮೇಜು ಗುದ್ದಿದರು. ಆಮೇಲೆ ಐಸ್ ಹಾಕಿ ಆಟದ ಮೈದಾನದಲ್ಲಿ ಹಾಡು ಹಾಕುವವನ ಕೈಗೆ ಅದು ಹೇಗೋ ಸಿಕ್ಕಿತು. ಎದುರಾಳಿ ತಂಡದವನು ತಪ್ಪು ಮಾಡಿ, ಶಿಕ್ಷೆಗೆಂದು ಪಕ್ಕದ ಗೂಡಿನಲ್ಲಿ ಕೂರಬೇಕಾದಾಗಲೆಲ್ಲ ಹಾಡು ಹಾಕುವವನು ನಮ್ಮ ಪಲ್ಲವಿ ಹಾಕಿದ. ಇಡೀ ಮೈದಾನ "ಇಡು ಕುರ್ಚಿ!" ಎಂದು ಅಬ್ಬರಿಸಿತು. ಆ ವರ್ಷ ನಮ್ಮೂರ ತಂಡ ಗೆದ್ದೂ ಗೆದ್ದಿತು. ಮುಂದೆ ಮದುವೆ, ಮ್ಯಾರಥಾನು, ಕಾಲೇಜಿನ ಪದವಿ ಸಮಾರಂಭ, ಎಲ್ಲಿ ನೋಡಿದರೂ ನಮ್ಮ ಚಿಕ್ಕಮ್ಮನ ಬೈಗುಳವೇ. ಚಿಕ್ಕಮ್ಮ ಮೀನಿನಂಗಡಿಯಲ್ಲಿ ಸಾಲಿಗೆ ನಿಂತರೆ ಜನ ದಾರಿ ಬಿಡುತ್ತಿದ್ದರು. ಔಗುಸ್ತೋನ ವ್ಯಾನಿನ ನೆತ್ತಿಯ ಮೇಲೆ ಮಾತ್ರ ಬೆಳಗಾದರೆ ಯಾರೋ ಒಂದು ಕುರ್ಚಿ ಏರಿಸಿರುತ್ತಿದ್ದರು.

ಒಂದು ಭಾನುವಾರ ಚಿಕ್ಕಮ್ಮನ ಮನೆಯ ನೆಲಮಾಳಿಗೆಯಲ್ಲಿ ನಾವು ಅಭ್ಯಾಸ ಮಾಡುತ್ತಿದ್ದಾಗ ಬಾಗಿಲು ತೆರೆಯಿತು. ಔಗುಸ್ತೋ! ಆಳು ಬಾಗಿಲಷ್ಟೇ ಅಗಲ. ಫರ್ಗಲ್ ಮೆಲ್ಲಗೆ ಗಿಟಾರನ್ನು ಎದೆಗಡ್ಡ ಹಿಡಿದುಕೊಂಡ.

"ಹೊಡೆಯೋಕೆ ಬಂದಿಲ್ಲ ಮಾರಾಯ," ಅಂದ ಔಗುಸ್ತೋ. "ಹಾಡು ಚೆನ್ನಾಗಿದೆ. ಆದ್ರೆ ನಿಮ್ಮ ಅಕಾರ್ಡಿಯನ್‌ನವನು ನಿದ್ದೆಯಲ್ಲಿ ನುಡಿಸ್ತಾನೆ. ಊರೆಲ್ಲ ನನ್ನ ಬೈಯೋದೇ ಆದ್ರೆ, ಸರಿಯಾಗಾದ್ರೂ ಬೈಬಾರ್ದಾ?"

ನಮ್ಮ ಅಕಾರ್ಡಿಯನ್‌ನವನು ಆ ತಿಂಗಳು ತಂಡ ಬಿಡುವವನಿದ್ದ. ಅವನಿಗೆ ಸಿಟ್ಟೂ ಬರಲಿಲ್ಲ, ನಕ್ಕುಬಿಟ್ಟ. ಔಗುಸ್ತೋ ಬೆನ್ನ ಚೀಲದಿಂದ ತನ್ನ ಪುಟ್ಟ ಅಕಾರ್ಡಿಯನ್ ತೆಗೆದ, ಅದು ಅವನ ದ್ವೀಪದ ಕುಣಿತಕ್ಕೆ ನುಡಿಸುವಂಥದ್ದು. ನುಡಿಸತೊಡಗಿದ. ಬೆರಳುಗಳೋ ಬಿಸಿ ಕಾವಲಿಯ ಮೇಲೆ ಬಿದ್ದ ನೀರಹನಿಗಳೋ! ಅವನ ಓಟ ಹಿಡಿಯಲು ನನಗೆ ಉಸಿರು ಕಟ್ಟಿತು.

ಮೇಲಿಂದ ಚಿಕ್ಕಮ್ಮ ದಡದಡ ಇಳಿದು ಬಂದಳು. "ಅಬ್ಬಾ, ಕೊನೆಗೂ ನುಡಿಸೋಕೆ ಬರೋನೊಬ್ಬ ಸಿಕ್ಕಿದ್ನಲ್ಲ! ಯಾರಪ್ಪಾ ಅದು..." ಎಂದವಳು ಮುಖ ನೋಡಿ ಅಲ್ಲೇ ನಿಂತಳು.

"ನೀನಾ?"

"ನಾನೇ."

"ಮೊದ್ಲು ತಪ್ಪಾಯ್ತು ಅನ್ನು."

"ಊರಿಗೆ ಊರೇ ನನ್ನ ಬೈತಿದೆಯಲ್ಲ ತಾಯಿ, ಅಷ್ಟು ಸಾಲ್ದಾ?"

ಚಿಕ್ಕಮ್ಮ ನಿಜಕ್ಕೂ ಯೋಚಿಸಿ ನೋಡಿದಳು. "ಸಾಲ್ದು," ಅಂದು ಮೆಟ್ಟಿಲು ಹತ್ತಿಹೋದಳು. ಆದರೆ ಮನೆಯಿಂದ ಆಚೆ ಹೋಗು ಅನ್ನಲಿಲ್ಲ. ಔಗುಸ್ತೋ ನಮ್ಮವನಾದ.

ಮರುವರ್ಷದ ಚಳಿಗಾಲದಲ್ಲಿ ಐಸ್ ಹಾಕಿ ತಂಡದವರು ಶನಿವಾರ ಮಧ್ಯಾಹ್ನದ ಆಟಕ್ಕೆ ನಮ್ಮನ್ನು ಕರೆಸಿದರು, ಬಿಡುವಿನಲ್ಲಿ ಮಂಜುಗಡ್ಡೆಯ ಮೇಲೇ ನಿಂತು ಹಾಡಬೇಕು. ಚಿಕ್ಕಮ್ಮನಿಗೆ ಮುಂದಿನ ಸಾಲಿನ ಜಾಗ. ಎರಡು ಸಲ ಪಲ್ಲವಿ ಮುಗಿಯಿತು, ಮೈದಾನ ನಡುಗುತ್ತಿತ್ತು. ಮೂರನೆಯದಕ್ಕೆ ಫರ್ಗಲ್ ಉಸಿರೆಳೆದುಕೊಳ್ಳುವಷ್ಟರಲ್ಲಿ ಔಗುಸ್ತೋ ಅವನನ್ನು ಭುಜದಿಂದ ಸರಿಸಿ ಮೈಕಿಗೆ ಬಾಯಿ ಕೊಟ್ಟ. ನಮಗ್ಯಾರಿಗೂ ಹೇಳಿರಲಿಲ್ಲ.

ಒಂದು ಕಾರಿನ ಜಾಗ ನೀನು ಬಗೆದೆ ತಾಯಿ,
ಊರ ಬೀದಿಯೆಲ್ಲ ಬಗೆದು ಬಂದೆ ನಾನು,
ಮನೆ ಮುಂದೆ ಬಂದ್ರೆ ನನಗೇ ಇಲ್ಲ ಜಾಗ,
ನಿದ್ದೆಗಣ್ಣಿಗೆ ಕುರ್ಚಿ ಕಾಣುತ್ತೇನು?

ನನ್ನ ಕೋಲು ಗಾಳಿಯಲ್ಲೇ ನಿಂತಿತು. ಹಾಡಿನ ಹಸಿರು ವ್ಯಾನಿನವನು ಇವನೇ ಎಂದು ಜನಕ್ಕೆ ಹೊಳೆಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಡಿಂಪ್ನಾ ಚಿಕ್ಕಮ್ಮ ಎದ್ದು ನಿಂತಿದ್ದಳು.

"ಸುಳ್ಳ! ನಮ್ಮ ಬೀದಿಗೆ ನಿನ್ನ ಲಾರಿ ಬರ್ಲೇ ಇಲ್ಲ ಕಣೋ!"

ಮೈಕು ಇರದಿದ್ದರೂ ಅದು ಮೇಲಿನ ಸಾಲಿನವರೆಗೂ ಮುಟ್ಟಿತು. ಔಗುಸ್ತೋ ಬಾಗಿ ಕೈಮುಗಿದ. "ಅದು ನಿಜ. ಅದೊಂದಕ್ಕೆ ತಪ್ಪಾಯ್ತು, ತಾಯಿ!"

ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಎದ್ದ ಪಲ್ಲವಿಗೆ ಮಂಜುಗಡ್ಡೆಯೇ ಸೀಳೀತು ಅನ್ನಿಸಿತು. ಅಂದಿನಿಂದ ಇಂದಿನವರೆಗೂ ಮೈದಾನದ ಒಂದು ಪಕ್ಕ ಚಿಕ್ಕಮ್ಮನ ನುಡಿ ಹಾಡುತ್ತದೆ, ಇನ್ನೊಂದು ಪಕ್ಕ ಔಗುಸ್ತೋನದು. ಯಾರು ಯಾರ ಪಕ್ಷವೆಂದು ಮನೆಮನೆಯಲ್ಲಿ ಜಗಳ.

ಆಟ ಮುಗಿದಾಗ ರೈಲಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಔಗುಸ್ತೋ ವ್ಯಾನಿನ ಮುಂದಿನ ಬಾಗಿಲು ತೆರೆದು ಹಿಡಿದ. ಚಿಕ್ಕಮ್ಮ ಕಿರೀಟವಿಟ್ಟವಳಂತೆ ಹತ್ತಿ ಕುಳಿತಳು. ಡ್ರಮ್ಮುಗಳ ನಡುವೆ ಮುದುಡಿ ಕುಳಿತ ನನಗೆ ದಾರಿಯುದ್ದಕ್ಕೂ ಅವಳದೇ ದನಿ.

"ನಾಲ್ಕನೇ ಸಾಲು ಎಳೀತದೆ. 'ಕಾಣುತ್ತೇನು' ಅಂತ ಯಾರಾದ್ರೂ ಬೈತಾರಾ? ಬೈಗುಳ ಅಂದ್ರೆ ಚಾಟಿ ಇದ್ದಂಗಿರ್ಬೇಕು."

"ಹಾಗಾದ್ರೆ ಹೇಳಿಕೊಡಿ."

"ನನ್ನನ್ನೇ ಬೈಯೋಕೆ ನಾನೇ ಹೇಳಿಕೊಡ್ಲಾ?"

ಅಂದವಳು, ವ್ಯಾನು ನಮ್ಮ ಬೀದಿಗೆ ತಿರುಗುವಷ್ಟರಲ್ಲಿ ಹೇಳಿಯೂ ಕೊಟ್ಟಳು.