ಖಾಲಿ ಬಿಟ್ಟ ಮೂಲೆ

ಆ ಮನುಷ್ಯ ಬಾಗಿಲಲ್ಲಿ ನಿಂತಾಗಲೇ ನನಗೆ ಅನುಮಾನ ಬಂತು. ದೊಡ್ಡ ಕಂಪನಿಯಲ್ಲಿ ಅನಲಾಗ್ ಚಿಪ್ ವಿನ್ಯಾಸ ಮಾಡುತ್ತಲೇ ತಲೆ ಬೆಳ್ಳಗಾದವರು ನಮ್ಮಂಥ ಎರಡು ಕೋಣೆಯ ಕಂಪನಿಗೆ ಕೆಲಸ ಕೇಳಿಕೊಂಡು ಬರುವುದುಂಟೇ? ಅಲ್ಲಿನ ಕೆಲಸ ಯಾಕೆ ಬಿಟ್ಟಿರಿ ಎಂದರೆ "ಸಾಕಾಯ್ತಮ್ಮಾ" ಎಂದು ನಕ್ಕರು. ಯಾರ ಕಿವಿಗೆ ಹೂ ಇಡಲು ಬಂದಿದ್ದಾರೆ! ಫೋಟೋ ಹೊಡೆದುಕೊಂಡು ಹೋದರೆ ಕಷ್ಟವೆಂದು ಅವರ ಫೋನ್ ಇಸಿದುಕೊಂಡು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

"ಅಣ್ಣಾ, ಇವ್ರು ನಿನ್ನ ಡಿಸೈನ್ ಕದಿಯೋಕೇ ಬಂದಿರೋದು," ಎಂದು ಪಿಸುಗುಟ್ಟಿದೆ.

ಕಂಪನಿ ಅಣ್ಣನದು. ಮೊದಲು ಅವನೂ ಅದೇ ದೊಡ್ಡ ಕಂಪನಿಯ ಪರೀಕ್ಷಾ ವಿಭಾಗದಲ್ಲಿದ್ದ. "ಕಳಿಸ್ಬಿಡು," ಎಂದ, ಉಗುರು ಕಚ್ಚುತ್ತಾ.

ಕಳಿಸುವುದು ಹೇಗೆ? ಉಸಿರಾಟದ ಯಂತ್ರಕ್ಕೆಂದು ಮಾಡಿದ ನಮ್ಮ ಒತ್ತಡ ಅಳೆಯುವ ಸೆನ್ಸರ್ ಚಿಪ್ ತುಸು ಬಿಸಿಯಾದರೂ ತಪ್ಪು ಅಳತೆ ತೋರಿಸುತ್ತಿತ್ತು. ಮುಂದಿನ ಪರೀಕ್ಷೆಯಲ್ಲೂ ಹಾಗಾದರೆ ಕಂಪನಿ ಮುಚ್ಚಬೇಕು. ಸರಿಮಾಡಬಲ್ಲವರು ಬೇರಾರೂ ಸಿಕ್ಕಿರಲಿಲ್ಲ.

ಮನಸ್ಸಿಲ್ಲದ ಮನಸ್ಸಿನಿಂದ ಚಿಪ್‌ನ ನಕ್ಷೆಯನ್ನು ಪರದೆ ಮೇಲೆ ತೆರೆದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬೆರಳು ನೇರ ಒಂದು ಕಡೆ ಹೋಗಿ ನಿಂತಿತು.

"ತೊಂದ್ರೆ ಇಲ್ಲಿ. ಈ ಜೋಡಿ ಟ್ರಾನ್ಸಿಸ್ಟರ್ ಬಿಸಿಯಾಗೋ ಭಾಗದ ಪಕ್ಕದಲ್ಲೇ ಕೂತಿದೆ."

ನಾವು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡದ್ದು! "ಇದನ್ನ ಮೊದ್ಲೇ ನೋಡಿದೀರಾ?"

"ನೋಡಿದೀನಿ."

ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ. "ಎಲ್ಲಿ ನೋಡಿದ್ರಿ?"

ಅವರು ನಕ್ಷೆಯ ಎಡಮೂಲೆ ತೋರಿಸಿದರು. "ಇದ್ಯಾಕಮ್ಮಾ ಖಾಲಿ?"

ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಕೈ ಹಾಕಬೇಡ ಎಂದು ಅಣ್ಣ ಹೇಳಿದ್ದ. ಏನೋ ದೊಡ್ಡ ಲೆಕ್ಕಾಚಾರವಿರಬೇಕೆಂದು ನಾನು ಹೆಮ್ಮೆಪಟ್ಟಿದ್ದೆ. ಅವನತ್ತ ನೋಡಿದೆ.

"ಅದು... ಸುಮ್ನೆ, ಸೇಫ್ಟಿಗೆ," ಎಂದ.

"ನಮ್ಮ ಕಂಪನೀಲಿ ಚಿಪ್‌ಗೆ ತಂತಿ ಬೆಸೆಯೋ ಹಳೇ ಮಷೀನಿತ್ತು," ಎಂದರು ಅವರು. "ಅದರ ಸೂಜಿ ಈ ಮೂಲೆಗೆ ತಾಗಿ ಚಿಪ್ ಬಿರುಕು ಬಿಡ್ತಿತ್ತು. ಅದಕ್ಕೇ ಖಾಲಿ ಬಿಟ್ಟಿದ್ದೆ. ನಿಮ್ಮಲ್ಲಿ ಆ ಮಷೀನಿದ್ಯಾ?"

ಇರಲಿಲ್ಲ.

"ಇದು ನನ್ನ ಮೊದಲನೇ ಡಿಸೈನು. ಬಿಸಿ ತೊಂದ್ರೆನ ಎರಡನೇದ್ರಲ್ಲಿ ಸರಿಮಾಡ್ದೆ." ಅವರು ಅಣ್ಣನ ಕಡೆ ತಿರುಗಿದರು. "ಅದು ನಿಮ್ಗೆ ಸಿಗ್ಲಿಲ್ಲ ಅನ್ಸುತ್ತೆ."

ಅಣ್ಣನ ಮುಖ ಇಳಿದುಹೋಯಿತು. "ಸರ್, ನಾಳೆಯಿಂದ್ಲೇ ಸೇರ್ಕೊಳ್ಳಿ. ನೀವು ಕೇಳಿದ್ದು ಕೊಡ್ತೀನಿ."

ಆ ಅವಸರ ಕೇಳಿ ನನಗೆ ಹೇಸಿಗೆಯಾಯಿತು. ಇಷ್ಟು ದಿನ ಊರವರನ್ನೆಲ್ಲ ಅನುಮಾನಿಸಿದೆ, ಮನೆಯವನೊಬ್ಬನನ್ನು ಬಿಟ್ಟು. ಬೀಗ ತೆಗೆದು ಫೋನನ್ನು ಎರಡೂ ಕೈಯಲ್ಲಿ ಅವರಿಗೆ ಕೊಟ್ಟೆ.

"ಯಾವ ಮೂಲೆ ಬೇಕೋ ಫೋಟೋ ತೆಗ್ದುಕೊಳ್ಳಿ, ಸರ್."

"ಲೇ!" ಎಂದು ಅಣ್ಣ ಎದ್ದ. ನಾನು ನಕ್ಷೆಯನ್ನು ಇನ್ನಷ್ಟು ದೊಡ್ಡದು ಮಾಡಿದೆ.