ನಲವತ್ತಮ್ಮ

ಅಡುಗೆಮನೆಯ ನಾಲ್ವರು ಶವಪೆಟ್ಟಿಗೆ ಹೊತ್ತು ಪ್ರಾರ್ಥನಾ ಮಂದಿರದ ಮೂರನೆಯ ಮೆಟ್ಟಿಲು ಹತ್ತಿದ್ದರು. ಅಷ್ಟರಲ್ಲಿ ವಿಶ್ವವಿದ್ಯಾಲಯದ ಕುಲಸಚಿವ ಏದುಸಿರು ಬಿಡುತ್ತಾ ಓಡಿ ಬಂದ.

"ಸ್ವಲ್ಪ ತಡೀರಿ! ಒಳಗೆ ತಗೊಂಡು ಹೋಗೋ ಹಾಗಿಲ್ಲ."

"ಭಾರ ಇದೆ ಸಾರ್," ಅಂದ ಮುಂದಿನವನು. "ಬದುಕಿದ್ದಾಗ ಅಮ್ಮ ಇಷ್ಟು ಭಾರ ಇರಲಿಲ್ಲ."

ಪೆಟ್ಟಿಗೆಯನ್ನು ಪಕ್ಕದ ಕಲ್ಲುಬೆಂಚಿನ ಮೇಲೆ ಇಳಿಸಿದರು. ಸತ್ತವಳ ಮಗಳು ಕುಲಸಚಿವನ ಎದುರು ಬಂದು ನಿಂತಳು. ಅಲ್ಲಿಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು, ಮಾತು ಕಡಿಮೆ.

"ಮಂದಿರದಿಂದ ಕಳಿಸಿಕೊಡಿ ಅಂತ ಕೇಳಿದ್ಲು ಅಮ್ಮ. ಐವತ್ತೊಂದು ವರ್ಷ ಇಲ್ಲಿ ಬೇಯಿಸಿ ಹಾಕಿದ್ದಾಳೆ. ಬೇರೆ ಏನೂ ಕೇಳಿಲ್ಲ."

ಕುಲಸಚಿವ ಕೆಟ್ಟವನಲ್ಲ. ನಿಯಮಾವಳಿಯನ್ನು ಕಂಠಪಾಠ ಮಾಡಿದ್ದ, ಅಷ್ಟೇ ಅವನ ತೊಂದರೆ. ಮಂದಿರದಿಂದ ಬೀಳ್ಕೊಡುವುದು ಇಲ್ಲಿ ಪದವಿ ಪಡೆದವರನ್ನು, ಇಲ್ಲವೇ ಇಲ್ಲಿ ಕಲಿಸಿದವರನ್ನು. ಉಳಿದವರಿಗೆ ಹಿಂದಿನ ಅಂಗಳ.

ನಿವೃತ್ತ ಮೇಷ್ಟ್ರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಈ ಸಂಸ್ಥೆಯ ಮೊದಲ ತಂಡದಲ್ಲಿ ಓದಿದವರು ಅವರು.

"ಇವಳನ್ನ ನಲವತ್ತಮ್ಮ ಅಂತ ಯಾಕೆ ಕರೀತಾರೆ, ಗೊತ್ತೇನಪ್ಪ?"

"ನಲವತ್ತು ಜನಕ್ಕೆ ಒಬ್ರೇ ಅಡುಗೆ ಮಾಡ್ತಿದ್ರಂತೆ."

"ನಲವತ್ತಾ? ಇನ್ನೂರು ಜನಕ್ಕೆ ಮಾಡ್ತಿದ್ಲು!" ಆ ದುಃಖದಲ್ಲೂ ಮೇಷ್ಟ್ರಿಗೆ ನಗು ಬಂತು. "ಹೇಳ್ತೀನಿ, ಕೂತ್ಕೋ."

*

ಆಗ ಇದ್ದದ್ದು ಒಂದು ಹಳೆಯ ಸಾಬೂನಿನ ಗೋದಾಮು, ಮೂವರು ಮೇಷ್ಟ್ರುಗಳು, ಮತ್ತು ಇದನ್ನು ಧರ್ಮದ ಕಾಲೇಜು ಮಾಡಿಯೇ ತೀರುತ್ತೇನೆಂದು ಹಟ ಹಿಡಿದ ಹಿರಿಯ ಗುರುಗಳು. ಪಾಠಕ್ಕಿಂತ ಸೀನುವುದೇ ಹೆಚ್ಚಾಗಿತ್ತು. ಸರ್ಕಾರಿ ವಿಶ್ವವಿದ್ಯಾಲಯ ಸಂಯೋಜನೆ ಕೊಟ್ಟರೆ ಮಾತ್ರ ಇಲ್ಲಿಯವರು ಅಲ್ಲಿನ ಪರೀಕ್ಷೆ ಬರೆಯಬಹುದು. ಸಂಯೋಜನೆಗೆ ನಲವತ್ತು ವಿದ್ಯಾರ್ಥಿಗಳು ಬೇಕು. ಸೇರಿದವರು ಮೂವತ್ತೊಂಬತ್ತು. ತಪಾಸಣೆಯ ದಿನ ಬೆಳಿಗ್ಗೆ ಗುರುಗಳು ಅಡುಗೆಮನೆಗೆ ಬಂದರು.

"ಹೈಸ್ಕೂಲು ಮುಗಿಸಿದ್ದೀಯಲ್ಲಮ್ಮ? ಬಾ, ಬೆಂಚಿನ ಮೇಲೆ ಕೂತ್ಕೋ."

"ಸುಮ್ನೆ ಕೂತ್ರೆ ಸುಳ್ಳಾಗುತ್ತೆ ಗುರುಗಳೇ. ಸೇರಿಸ್ಕೊಳ್ಳೋದಾದ್ರೆ ಸರಿಯಾಗಿ ಸೇರಿಸ್ಕೊಳ್ಳಿ. ಓದ್ತೀನಿ."

ಸಂಯೋಜನೆ ಸಿಕ್ಕಿತು. ಅವಳೂ ಮಾತಿಗೆ ತಪ್ಪಲಿಲ್ಲ. ಮೂರು ವರ್ಷ, ಬೆಳಗಿನ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಉಳಿದೆಲ್ಲ ಪಾಸು, ಧರ್ಮಶಾಸ್ತ್ರದಲ್ಲಿ ಮಾತ್ರ ಗೋತಾ. ಮೂರು ಸಲ ಕಟ್ಟಿದಳು, ಮೂರು ಸಲವೂ ಅದೇ ಕತೆ. 'ಕರುಣೆ ಎಂದರೇನು? ಪಂಡಿತರ ಮತಗಳೊಂದಿಗೆ ವಿವರಿಸಿ' ಎಂಬ ಹದಿನೈದು ಅಂಕದ ಪ್ರಶ್ನೆಗೆ, 'ತಡವಾಗಿ ಬಂದವರಿಗೆ, ಯಾಕೆ ತಡ ಎಂದು ಕೇಳದೆ, ಊಟ ಎತ್ತಿಡುವುದು' ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿದ್ದಳು. ಸೊನ್ನೆ ಬಂತು.

"ಇನ್ನೊಂದು ನಾಲ್ಕು ಸಾಲು ಬರೀಬಾರದಾಗಿತ್ತೇನಮ್ಮ?" ಅಂದರು ಗುರುಗಳು.

"ನೀರು ಬೆರೆಸಬೇಕಾಗುತ್ತೆ ಗುರುಗಳೇ."

ಇಪ್ಪತ್ತು ವರ್ಷಗಳ ಮೇಲೆ ಕಾಲೇಜು ತಾನೇ ವಿಶ್ವವಿದ್ಯಾಲಯವಾಯಿತು. ಪರೀಕ್ಷೆಯೂ ತನ್ನದೇ, ಪದವಿಯೂ ತನ್ನದೇ. ಈಗಲಾದರೂ ಕಟ್ಟು, ಪಾಸು ಮಾಡೋಣ ಎಂದು ಗುರುಗಳು ಗೋಗರೆದರು. "ನಮ್ಮ ಮನೇಲಿ ನಾವೇ ಅಂಕ ಹಾಕ್ಕೊಳ್ಳೋದಾ?" ಎಂದು ಅವಳು ಸಾರಿಗೆ ಉಪ್ಪು ಹಾಕಿದಳು.

*

"ಅಂದ್ರೆ, ಪದವಿ ಆಗಿಲ್ಲ," ಅಂದ ಕುಲಸಚಿವ. ಏನಾದರೂ ದಾರಿ ಸಿಗಬಹುದೆಂಬ ಆಸೆಯಿಂದಲೇ ಕೇಳುತ್ತಾ ಕೂತಿದ್ದ.

"ಆಗಿಲ್ಲ," ಅಂದರು ಮೇಷ್ಟ್ರು. ಅವರಿಗೂ ಸುಳ್ಳು ಬರುವುದಿಲ್ಲ.

ಮಗಳಿಗೆ ಅಳು ತಡೆಯಲಾಗಲಿಲ್ಲ. "ಸಂಖ್ಯೆ ತುಂಬಿಸೋಕೆ ಕೂತಿದ್ದೆ ಅಷ್ಟೇ ಅಂತಿದ್ಲು. ಪರೀಕ್ಷೆ ಬರೆದಿದ್ದು ನನಗೂ ಹೇಳಲಿಲ್ಲ."

"ನಾಚಿಕೆ ಕಣಮ್ಮ ಅವಳಿಗೆ."

ಕುಲಸಚಿವ ಪೆಟ್ಟಿಗೆಯನ್ನೇ ನೋಡುತ್ತಿದ್ದ. "ನಾನು ಮೊದಲನೇ ವರ್ಷದಲ್ಲಿದ್ದಾಗ ಅಪ್ಪ ಹೋಗ್ಬಿಟ್ರು," ಅಂದ. "ಮಣ್ಣು ಮಾಡಿ ವಾಪಸ್ ಬಂದಾಗ ಮಧ್ಯಾಹ್ನ ನಾಲ್ಕು ಗಂಟೆ. ಊಟದ ಮನೆ ತೊಳೆದಾಗಿತ್ತು. ಒಂದು ತಟ್ಟೆ ಮಾತ್ರ ಮುಚ್ಚಿಟ್ಟಿತ್ತು. ಏನೂ ಕೇಳಲಿಲ್ಲ ಅವರು. ಎದುರಿಗೆ ಕೂತು ಬಟಾಣಿ ಸುಲೀತಾ ಇದ್ರು."

ಎದ್ದು ಹೋಗಿ ಮಂದಿರದ ದಾಖಲೆ ಪುಸ್ತಕ ತಂದ. 'ಇಲ್ಲಿ ಕಲಿಸಿದವರು' ಎಂಬ ಪುಟ ತೆರೆದು ಹೆಸರು ಬರೆದ. 'ವಿಷಯ' ಎಂಬ ಕಡೆ ಪೆನ್ನು ನಿಂತಿತು.

"ಅಡುಗೆ ಅಂತ ಬರೀಲಾ ಮೇಷ್ಟ್ರೇ?"

"ಅವಳು ಫೇಲಾದ ವಿಷಯಾನೇ ಬರಿ."

ಬರೆದ.

ಸುದ್ದಿ ತಿಳಿದು ಬಂದ ಪ್ರಾಧ್ಯಾಪಕರಿಂದ ಮಂದಿರ ತುಂಬಿದ ಮೇಲೆ ಪೆಟ್ಟಿಗೆ ಒಳಗೆ ಹೋಯಿತು. ಅದನ್ನು ಮುಂದಿರಿಸಿ ಆ ನಾಲ್ವರು ಅಭ್ಯಾಸಬಲದಿಂದ ಬಾಗಿಲ ಕಡೆ ಹೊರಟರು. ಆರುನೂರು ಜನರ ಮಧ್ಯಾಹ್ನದ ಊಟ ಕಾಯುತ್ತಿತ್ತು. ಮುಂದಿನ ಬೆಂಚಿನಲ್ಲಿದ್ದ ಕುಲಪತಿಗಳು ಎದ್ದರು. ಅವರ ಪಕ್ಕದವರೂ ಎದ್ದರು. ನಿಲುವಂಗಿ ತೊಟ್ಟ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಹೋಗಿ ಗೋಡೆಗೆ ಒತ್ತಿ ನಿಂತರು. ಖಾಲಿಯಾದ ಬೆಂಚಿನ ಮೇಲೆ, ತರಕಾರಿ ಹೆಚ್ಚಿದ ಒದ್ದೆ ಏಪ್ರನ್‌ಗಳಲ್ಲೇ, ಅಡುಗೆಮನೆಯವರು ಸಂಕೋಚದಿಂದ ಕೂತರು.