ಕಟ್ಟೆಗೆ ಬಂದ ಡಬ್ಬಿ

ಮಾಯಪ್ಪ ಗಾಡಿ ನಿಲ್ಲಿಸುವ ಹೊತ್ತಿಗೆ ಕೇಬಲ್ ಡಬ್ಬಿ ಆಗಲೇ ಬಾಳೇಶನ ಮನೆ ಮುಂದಿನ ಕಟ್ಟೆಗೆ ಬಂದು ಕೂತಿತ್ತು. ಮೇಲೊಂದು ರಿಮೋಟು.

"ತೊಗೊಂಡ ಹೋಗ ಮಾಯಪ್ಪಾ," ಹೊಸ್ತಿಲ ಆಚೆಯಿಂದಲೇ ಬಾಳೇಶ ಹೇಳಿದ. ಕಣ್ಣು ಮೊಬೈಲಿನಲ್ಲಿತ್ತು. "ನಿನ್ನಿ ಗೋಕಾಕದ ಹುಡುಗ್ರು ಬಂದು ನೆಟ್ ಜೋಡಿಸಿ ಹೋದ್ರು. ಸಿನಿಮಾ, ಧಾರಾವಾಹಿ, ಮ್ಯಾಚ್, ಎಲ್ಲಾ ಅದರಾಗ ಬರ್ತಾವು. ನಿನ್ನ ಕೇಬಲ್ ಇನ್ನ ಬ್ಯಾಡ. ಫೋನಿನಾಗ ರೊಕ್ಕ ಹಾಕಿದ್ರ ಮುಗೀತು, ಯಾರೂ ಬಾಗಲಕ್ಕ ಬರೂದ ಬ್ಯಾಡ."

ಈಚೆಗೆ ನಾಗನೂರಿನಲ್ಲಿ ಈ ಮಾತು ಹೇಳಿದ ಮನೆಗಳು ಕಡಿಮೆಯೇನಲ್ಲ. ಎಲ್ಲ ಕಡೆ ಮಾಯಪ್ಪ ತಲೆಯಾಡಿಸಿ ವೈರು ಸುತ್ತಿಕೊಂಡು ಬಂದಿದ್ದ. ಹೊಟ್ಟೆಪಾಡು ಹೇಗೋ ಸಾಗುತ್ತದೆ. ಆ ನೆಟ್‌ನವರೇ ಕಂಬ ಹತ್ತಲು ಬಾ ಎಂದು ಕರೆದಿದ್ದರು. ಆದರೆ ಈ ಕಟ್ಟೆ ನೋಡಿ ಅವನ ಕಾಲು ಅಲ್ಲೇ ನಿಂತುಬಿಟ್ಟಿತು.

ಡಬ್ಬಾ ಟಿವಿಯ ಕಾಲದಲ್ಲಿ ಈ ಮನೆಯಲ್ಲೊಂದು ಪದ್ಧತಿಯಿತ್ತು. ಕೇಬಲ್ಲಿನವನು ಕೆಳಗಿನ ಕೇರಿಯವನು, ಒಳಗೆ ಕರೆಯುವಂತಿಲ್ಲ. ಹಾಗಂತ ಧಾರಾವಾಹಿ ಬಿಡುವಂತೆಯೂ ಇಲ್ಲ. ಅದಕ್ಕೆ ಚಿತ್ರ ಕೆಟ್ಟಾಗಲೆಲ್ಲ ಟಿವಿಯೇ ಹೊರಗೆ ಬರುತ್ತಿತ್ತು. ಆಳುಗಳು ಬಾಣಂತಿಯನ್ನು ಇಳಿಸಿದ ಹಾಗೆ ಮೆಲ್ಲಗೆ ಅದನ್ನು ಕಟ್ಟೆಗೆ ಇಳಿಸುತ್ತಿದ್ದರು. ಮಾಯಪ್ಪ ಅಂಗಳದಲ್ಲಿ ನಿಂತೇ ಸರಿಮಾಡುತ್ತಿದ್ದ. ಒಮ್ಮೆ ಮಳೆ ಹಿಡಿದಾಗ ಟಿವಿಗೆ ಕೊಡೆ ಹಿಡಿದರು. ಅವನಿಗೆ ಯಾರೂ ಹಿಡಿಯಲಿಲ್ಲ.

ಆಮೇಲೆ ಗೋಡೆಗೆ ಬಡಿಯುವ ತೆಳ್ಳನೆಯ ಟಿವಿ ಬಂತು. ಮೊಳೆ ಹೊಡೆದು ಕೂಡಿಸಿದ್ದನ್ನು ಹೊರಗೆ ಹೊತ್ತು ತರುವುದು ಹೇಗೆ? ಬಾಳೇಶನ ಅವ್ವ ಕೆಂಚವ್ವ ಮುಖ ಗಂಟು ಹಾಕಿಕೊಂಡೇ, "ಬಾರಪಾ ಒಳಗ," ಎಂದಿದ್ದಳು. ಬಸವಣ್ಣನ ಫೋಟೋಕ್ಕೆ ದಿನಾ ಹೂ ಏರಿಸುವ ಮನೆ. ಬಾಗಿಲು ತೆರೆಸಿದ್ದು ಮಾತ್ರ ನಾಲ್ಕು ಮೊಳೆ.

ಅಂದಿನಿಂದ ಅವನು ಒಳಗೆ ಹೋಗಿ ಟಿವಿ ಎದುರಿನ ಕುರ್ಚಿಯಲ್ಲಿ ಕೂತೇ ಚಾನಲ್ ಕೂಡಿಸುತ್ತಿದ್ದ. ಈಗ ಡಬ್ಬಿ ಮತ್ತೆ ಕಟ್ಟೆಗೆ ಬಂದಿತ್ತು. ಇಲ್ಲಿಂದಲೇ ಎತ್ತಿಕೊಂಡು ಹೋದರೆ ಆ ಹೊಸ್ತಿಲು ಇನ್ನು ಅವನದಲ್ಲ.

"ಡಬ್ಬಿ ಒಳಗ ಇಡ್ರಿ," ಎಂದ ಮಾಯಪ್ಪ.

ಬಾಳೇಶ ತಲೆಯೆತ್ತಿದ. "ಯಾಕ?"

"ನಾ ಒಳಗ ಜೋಡಿಸಿ ಕೊಟ್ಟಿದ್ದೆ. ಒಳಗಿಂದಾನ ಒಯ್ತೀನಿ."

"ಹುಚ್ಚಗಿಚ್ಚ ಹಿಡದೈತೇನ? ಕಣ್ಣ ಮುಂದ ಐತಿ, ತೊಗೊ."

"ಆಗ ಮಳ್ಯಾಗ ನಿಂತಾಗನ ಹಿಡೀಲಿಲ್ಲ, ಈಗ ಹಿಡಿತೈತೇನ್ರಿ ಸಾವ್ಕಾರ್ರ?"

ಮಾತು ಕೇಳಿ ಬಾಳೇಶನ ಹೆಂಡತಿ ನೇತ್ರಾ ಬಾಗಿಲಿಗೆ ಬಂದಳು. "ಏನಾತ್ರಿ ಕಾಕಾ?"

"ನಿಮ್ಮ ಕಾಕಾಗ ಡಬ್ಬಿ ಪೂಜಾ ಮಾಡಿ ಕೊಡಬೇಕಂತ," ಎಂದ ಬಾಳೇಶ. "ಆರತಿ ತಾ."

ನೇತ್ರಾ ನಗಲಿಲ್ಲ. ಗಂಡನನ್ನು ನೋಡಿದಳು, ಅಂಗಳದಲ್ಲಿ ನಿಂತವನನ್ನು ನೋಡಿದಳು. ಆಮೇಲೆ ಬಗ್ಗಿ ಡಬ್ಬಿ ಎತ್ತಿಕೊಂಡು ಒಳಗೆ ನಡೆದಳು. "ಬರ್ರಿ," ಎಂದದ್ದು ಒಳಗಿನಿಂದ ಕೇಳಿಸಿತು.

ಮಾಯಪ್ಪ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಬಾಳೇಶ ಸರಿಯಬೇಕೋ ಬೇಡವೋ ಎಂದು ನಿಂತು, ಕೊನೆಗೆ ಸರಿದ. ಡಬ್ಬಿ ಟಿವಿಯ ಕೆಳಗಿನ ಹಲಗೆಯ ಮೇಲಿತ್ತು. ಮಾಯಪ್ಪ ಅವಸರ ಮಾಡಲಿಲ್ಲ. ಗೋಡೆಯ ತೂತಿನಿಂದ ವೈರು ಎಳೆದ. ಅದರ ಜೊತೆ ಹಿಡಿ ಮಣ್ಣು ಉದುರಿತು. ಬೊಗಸೆಯಲ್ಲಿ ಬಳಿದು ಕಿಟಕಿಯಾಚೆ ಚೆಲ್ಲಿದ.

ಮಂಚದ ಮೇಲೆ ಕೂತಿದ್ದ ಕೆಂಚವ್ವ ಗೋಡೆ ನೋಡಿದಳು. "ಆ ತೂತಿನಾಗ ಹಲ್ಲಿ ಬರ್ತಾವಲ್ಲೋ."

"ಬರ್ತಾವರಿ ಯವ್ವಾ. ಮುಚ್ಚಬೇಕು."

"ಹೊರಗಿಂದ ಮುಚ್ಚಿ ಹೋಗು," ಬಾಗಿಲಿನಿಂದ ಬಾಳೇಶ ಹೇಳಿದ.

"ಹೊರಗಿಂದ ನಿಂದ್ರಂಗಿಲ್ರಿ. ಸಿಮೆಂಟ ಒಳಗಿಂದಾನ ತುಂಬಬೇಕು. ನಾಳಿ ಬರ್ತೀನಿ."

ಬಾಳೇಶ ಅವ್ವನ ಮುಖ ನೋಡಿದ. ಕೆಂಚವ್ವ ಇನ್ನೂ ಆ ತೂತನ್ನೇ ನೋಡುತ್ತಿದ್ದಳು. ಮಾಯಪ್ಪ ವೈರಿನ ಸುರುಳಿ ಹೆಗಲಿಗೇರಿಸಿ, ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಹೊರಟ.

ಖಾಲಿ ತೂತಿನಿಂದ ಬಿಸಿಲು ಒಳಗೆ ಬಂದು ಮಂಚದ ಕೌದಿಯ ಮೇಲೆ ಬಿದ್ದಿತ್ತು. ಕೆಂಚವ್ವ ಅದನ್ನು ಮುಚ್ಚುವ ಹಾಗೆ ಮೇಲೆ ಅಂಗೈ ಇಟ್ಟಳು. ಬಿಸಿಲು ಅವಳ ಕೈ ಮೇಲೆ ಏರಿ ಕೂತಿತು.